ಪಾರ್ಕಿನ ಬೀಗಕ್ಕೊಂದು ಇ-ಮೇಲ್

ಸರ್ಕಾರವನ್ನು ಪ್ರಶ್ನೆ ಕೇಳುವ ಹುಚ್ಚು ಒಮ್ಮೆ ಹತ್ತಿತೆಂದರೆ ದಿನಕ್ಕೊಂದು ಮೋಜು ನಡೆಯುತ್ತಲೇ ಇರುತ್ತದೆ. ಮಾಹಿತಿ ಹಕ್ಕಿನ ಕಾಯಿದೆ ಆಗ ಹೊಸದು. ಒಂಟಿಕೊಪ್ಪಲಿನ ನಮ್ಮ ಮನೆ ಎದುರಿನ ಪಾರ್ಕಿಗೆ ಬೀಗ ಬಿದ್ದಿತ್ತು. ನನಗೋ ಸಕ್ಕರೆ ಕಾಯಿಲೆ, ದಿನಾ ನಡೆಯಲೇಬೇಕೆಂದು ಡಾಕ್ಟರ ಕಟ್ಟಪ್ಪಣೆ. ರಸ್ತೆಯಲ್ಲಿ ನಡೆದರೆ ಹಿಂದೆ ಸ್ಕೂಟರು, ಮುಂದೆ ನಾಯಿ! ಪಾರ್ಕು ತೆರೆಸಿಯೇ ತೀರುತ್ತೇನೆಂದು ಪಣ ತೊಟ್ಟು ಅರ್ಜಿ ಬರೆಯಲು ಕೂತೆ.

"ಏನ್ರೀ ಅದು, ಅಷ್ಟೊಂದು ಬರೀತಿದೀರ?" ಎಂದಳು ಹೆಂಡತಿ.

"ಸರ್ಕಾರಿ ವ್ಯವಹಾರ, ನಿಂಗೆ ಗೊತ್ತಾಗಲ್ಲ. ಸುಮ್ನಿರು" ಎಂದೆ.

೧. ಈಗ ಬರುತ್ತೆ, ಕೂತ್ಕೊಳ್ಳಿ

ಪಕ್ಕದ ಮನೆಯ ನಿವೃತ್ತ ಮೇಷ್ಟ್ರನ್ನು ಜೊತೆಗೆ ಕರೆದುಕೊಂಡು ಸೈಬರ್ ಸೆಂಟರಿಗೆ ಹೋದೆ. ಪಾರ್ಕಿಗೆ ಬೀಗ ಹಾಕಿದ್ದೇಕೆ? ಬೀಗದ ಕೈ ಯಾರ ಬಳಿ ಇದೆ? ಎರಡೇ ಪ್ರಶ್ನೆ. ನಗರಪಾಲಿಕೆಗೆ ಇ-ಮೇಲ್ ಕಳಿಸುವ ಗುಂಡಿ ಒತ್ತಿದೆ. ಹೋಯಿತು! ನಾನು ಎದ್ದೆ, ಮೇಷ್ಟ್ರು ಏಳಲಿಲ್ಲ.

"ಕೂತ್ಕೊಳ್ರೀ, ಉತ್ತರ ನೋಡ್ಕೊಂಡೇ ಹೋಗೋಣ. ಇ-ಮೇಲ್ ಅಂದ್ರೆ ತಕ್ಷಣ ಅಲ್ವೇನ್ರೀ?"

ಇಬ್ಬರೂ ಪರದೆಯನ್ನೇ ದಿಟ್ಟಿಸಿ ಕೂತೆವು. ಕೊನೆಗೆ ಸೆಂಟರಿನವನೇ ಬಂದ.

"ಸಾರ್, ಉತ್ತರ ಕೊಡೋಕೆ ಸರ್ಕಾರಕ್ಕೆ ಒಂದು ತಿಂಗಳು ಟೈಮಿದೆ. ನಾನು ಗಂಟೆ ಲೆಕ್ಕದಲ್ಲಿ ದುಡ್ಡು ತಗೋತೀನಿ."

೨. ಬಾಡದ ಹೂವು

ತಿಂಗಳು ಕಳೆದು ದಸರಾ ಬಂದು ಹೋದರೂ ಸುದ್ದಿಯಿಲ್ಲ. ಇಬ್ಬರೂ ಪಾಲಿಕೆ ಕಚೇರಿಗೇ ನುಗ್ಗಿದೆವು. ಅಲ್ಲಿ ಕಂಪ್ಯೂಟರಿಗೆ ಬಟ್ಟೆ ಹೊದಿಸಿ, ಕುಂಕುಮ ಹಚ್ಚಿ, ದೊಡ್ಡ ಹಾರ ಹಾಕಿಟ್ಟಿದ್ದರು.

"ಆಯುಧಪೂಜೆಗೆ ಹಾಕಿದ್ದು ಸಾರ್" ಎಂದರು ಗುಮಾಸ್ತರು.

"ಬನ್ನಿಮಂಟಪದ ಪಂಜಿನ ಕವಾಯತು ಮುಗಿದು ಎಷ್ಟು ದಿನ ಆಯ್ತು! ಇನ್ನೂ ತೆಗೆದಿಲ್ವಾ?" ಎಂದೆ.

"ಹೂವು ಬಾಡಿದ ಮೇಲೆ ತೆಗೆಯೋಣ ಅಂತ ಕಾಯ್ತಿದೀವಿ. ಬಾಡ್ತಾನೇ ಇಲ್ಲ ನೋಡಿ."

ಮೇಷ್ಟ್ರು ಹತ್ತಿರ ಹೋಗಿ ಮುಟ್ಟಿ ನೋಡಿದರು. ಪ್ಲಾಸ್ಟಿಕ್ ಹೂವು!

೩. ನಮಗೂ ಒಂದು ಹಾಕಿ

ಹಾರ ತೆಗೆಸಿದ್ದೇ ತಡ, ಉತ್ತರಗಳ ಸುರಿಮಳೆ! ತೋಟದ ವಿಭಾಗದವರು ‘ನಮ್ಮದಲ್ಲ’ ಎಂದು ರಸ್ತೆಯವರಿಗೆ ಕಳಿಸಿದರು. ರಸ್ತೆಯವರು ನೀರಿನವರಿಗೆ, ನೀರಿನವರು ತಿರುಗಿ ತೋಟದವರಿಗೆ. ಎಲ್ಲದರ ಪ್ರತಿಯೂ ನನಗೆ ಬರುತ್ತಿತ್ತು. ಒಂದು ಬೆಳಿಗ್ಗೆ ತೋಟದ ವಿಭಾಗದಿಂದಲೇ ಫೋನು.

"ಸಾರ್, ಎಲ್ಲರ ಉತ್ತರನೂ ನಿಮ್ಮ ಹತ್ರ ಇದೆಯಂತಲ್ಲ?"

"ಇದೆ, ಇದೆ!" ಹಿಗ್ಗಿ ಹೀರೇಕಾಯಿಯಾದೆ.

"ಹಂಗಾದ್ರೆ ಆ ಪಾರ್ಕು ಯಾರ್ದು ಅಂತ ನೋಡಿ ನಮಗೂ ಒಂದು ಇ-ಮೇಲ್ ಹಾಕ್ಬುಡಿ ಸಾರ್."

೪. ಜೀಪು ಬಂತು

ಕೊನೆಗೂ ಒಂದು ದಿನ ಮನೆ ಮುಂದೆ ಜೀಪು ನಿಂತಿತು! ಪಾಲಿಕೆಯ ಸಾಹೇಬರು ಇಳಿದರು. "ಗೆದ್ವಿ, ಬನ್ರೀ ಮೇಷ್ಟ್ರೇ!" ಎಂದು ಕಾಂಪೌಂಡಿನಾಚೆಗೆ ಕೂಗಿ, ಪ್ರಿಂಟುಗಳ ಕಟ್ಟು ಹಿಡಿದು ಬಾಗಿಲಿಗೆ ಓಡಿದೆ. ಸಾಹೇಬರು ನನ್ನ ಭುಜದ ಮೇಲಿಂದ ಒಳಗೆ ಇಣುಕಿದರು.

"ಅಮ್ಮಾ, ಮಾಲಿ ಕೆಲಸ ಬಿಡೋವಾಗ ಪಾರ್ಕಿನ ಬೀಗದ ಕೈ ನಿಮ್ಮ ಹತ್ರ ಕೊಟ್ಟು ಹೋದ್ನಂತೆ?"

"ಅಯ್ಯೋ, ಬನ್ನಿ ಬನ್ನಿ! ಆಫೀಸಿನವರು ಬಂದ್ರೆ ಕೊಡಿ ಅಂದಿದ್ದ. ಯಾರೂ ಬರಲೇ ಇಲ್ಲ!"

ನನ್ನವಳು ಅಡುಗೆಮನೆಯ ಮೊಳೆಗೆ ನೇತುಹಾಕಿದ್ದ ಬೀಗದ ಕೈ ತಂದುಕೊಟ್ಟಳು. ನನಗೆ ಮೈಯೆಲ್ಲ ಉರಿದುಹೋಯಿತು.

"ಅಲ್ಲ ಕಣೇ, ಮೂರು ವಿಭಾಗದವರ ಉತ್ತರ ಓದಿ ಓದಿ ಸುಸ್ತಾದೆ! ನನಗೊಂದು ಮಾತು ಹೇಳಬಾರದಿತ್ತಾ?"

"ಸುಮ್ನಿರು ಅಂದ್ರಿ, ಸುಮ್ನಿದ್ದೆ. ಆ ಅರ್ಜಿ ನನಗೆ ಹಾಕಿದ್ರೆ ಕಾಫಿ ಆರೋದ್ರೊಳಗೆ ಉತ್ತರ ಕೊಡ್ತಿದ್ದೆ!"