ಫಿಲ್ಟರ್ ನೀರಿನ ಸಹಲೇಖಕರು

ವಿದ್ಯಾರ್ಥಿಗಳ ವೈಜ್ಞಾನಿಕ ಸಂಶೋಧನೆಗಳನ್ನು ಪ್ರಕಟಿಸುವ ಸಲುವಾಗಿ ವಾಮಂಜೂರಿನ ನಮ್ಮ ಪ್ರೌಢಶಾಲೆಯು ‘ಬಾಲವಿಜ್ಞಾನ ದೀಪಿಕೆ’ ಎಂಬ ಪತ್ರಿಕೆಯನ್ನು ಆರಂಭಿಸಿದೆ ಎಂಬುದನ್ನು ಸರ್ವರ ಗಮನಕ್ಕೆ ತರಲಾಗಿದೆ. ಬಿಡುಗಡೆಯ ದಿನ, ಶಾಲು, ಹಣ್ಣಿನ ಬುಟ್ಟಿ ಎಲ್ಲವೂ ನಿಗದಿಯಾದವು. ಸಂಶೋಧನೆ ಮಾತ್ರ ಇರಲಿಲ್ಲ.

ಅದನ್ನು ಒಂಬತ್ತನೆಯ ತರಗತಿಯ ಸ್ಮೃತಿ ಒದಗಿಸಿದಳು. ಎಂಟನೆಯಲ್ಲಿದ್ದ ಅವಳ ತಮ್ಮನಿಗೆ ಮೇಲಿಂದ ಮೇಲೆ ಹೊಟ್ಟೆನೋವು. ವಿಜ್ಞಾನದ ಸಿಂಥಿಯಾ ಟೀಚರ್ ಕೊಟ್ಟ ಪರೀಕ್ಷಾ ಬಾಟಲಿಗಳಲ್ಲಿ ಅವಳು ಬಾವಿಯ ನೀರನ್ನೂ ಶಾಲೆಯ ಫಿಲ್ಟರಿನ ನೀರನ್ನೂ ತುಂಬಿಸಿಟ್ಟಳು. ನೀರು ಕೆಟ್ಟದ್ದಾದರೆ ಆ ಬಾಟಲಿಯಲ್ಲಿ ಕಪ್ಪಾಗುತ್ತದೆ. ಬಾವಿಯದು ಹಾಗೇ ಉಳಿಯಿತು. ಫಿಲ್ಟರಿನದು ಕಾಫಿ ಡಿಕಾಕ್ಷನ್ನಿನಂತಾಯಿತು.

ಫಿಲ್ಟರಿನ ಮೇಲೆ ‘ಕೊಡುಗೆ: ಲಿಗೋರಿ ಲೋಬೊ, ಹಳೆ ವಿದ್ಯಾರ್ಥಿ, ದುಬೈ’ ಎಂದು ಬರೆದಿದೆ. ಉದ್ಘಾಟನೆಯ ಬಳಿಕ ಅದರ ಬಾಗಿಲನ್ನು ಯಾರೂ ತೆರೆದವರಿಲ್ಲ. ಹೆಸರಿಗೆ ಮಾತ್ರ ವರ್ಷಕ್ಕೊಮ್ಮೆ ಹೊಸ ಬಣ್ಣ ಬೀಳುತ್ತದೆ.

ಮುಖ್ಯೋಪಾಧ್ಯಾಯ ತ್ರಿವಿಕ್ರಮ ಭಟ್ಟರು ಲೇಖನ ಓದಿ ಕನ್ನಡಕ ತೆಗೆದರು.

“ಇದೆಂತ ಮಾರಾಯ್ತಿ, ನಿನ್ನೊಬ್ಬಳದೇ ಹೆಸರು ಉಂಟಲ್ಲ?”

“ಪರೀಕ್ಷೆ ಮಾಡಿದ್ದು ನಾನೇ ಅಲ್ವಾ ಸರ್?”

“ವೇದಿಕೆಯಲ್ಲಿ ಕೂತುಕೊಳ್ಳುವವರೆಲ್ಲ ಲೇಖಕರಾಗ್ಬೇಕು. ಇಲ್ಲದಿದ್ರೆ ಅವರು ಬರುವುದೆಂತಕ್ಕೆ?”

ಅದರಂತೆ, ಆಮಂತ್ರಣ ಪತ್ರಿಕೆಯ ಶಿಷ್ಟಾಚಾರಕ್ಕೆ ಅನುಗುಣವಾಗಿ ಶಾಲಾ ಸಂಚಾಲಕರು ಪ್ರಥಮ ಲೇಖಕರಾದರು. ಲಿಗೋರಿಯವರು ದುಬೈಯಲ್ಲಿದ್ದುಕೊಂಡೇ ದ್ವಿತೀಯರಾದರು. ಶಾಮಿಯಾನದವರು, ಮೈಕಿನವರು ಸಹಲೇಖಕರು. ಗುಮಾಸ್ತನಾದ ನಾನೂ ಒಬ್ಬ ಲೇಖಕ; ಮೊಹರು ಹೊಡೆದವನು ನಾನೇ ತಾನೆ. ಬಿಜೈಯ ಪ್ರೆಸ್ಸಿನವರು ಪುಟ ಸಾಲುವುದಿಲ್ಲ ಎಂದಾಗ ಫಲಿತಾಂಶದ ಭಾಗವನ್ನು ಕೈಬಿಡಲಾಯಿತು. ಸ್ಮೃತಿಯನ್ನು ‘ಮತ್ತು ಬಳಗ’ದಲ್ಲಿ ಸೇರಿಸಲಾಯಿತು.

“ಫಲಿತಾಂಶ ಇಲ್ಲದಿದ್ರೆ ಓದಿದವರಿಗೆ ಹೇಗೆ ಗೊತ್ತಾಗ್ತದೆ ಸರ್?” ಎಂದು ಅವಳು ಕೇಳಿದಳು.

“ನಿನಗೆ ಗೊತ್ತುಂಟಲ್ಲ, ಸಾಕು.”

ನನಗೆ ಬೇಸರವಾಯಿತು. ಆದರೆ ಗುಮಾಸ್ತನ ಬೇಸರವನ್ನು ಯಾವ ಫೈಲಿಗೂ ಸೇರಿಸುವ ಕ್ರಮವಿಲ್ಲ.

ಬಿಡುಗಡೆಯ ದಿನ ಲೇಖಕರು ವೇದಿಕೆ ಏರಿದರು. ಪ್ರತಿಯೊಬ್ಬರ ಕೈಯಲ್ಲೂ ಮನೆಯಿಂದ ತಂದ ನೀರಿನ ಬಾಟಲಿ. ಹಸ್ತಪ್ರತಿಯನ್ನು ಎಲ್ಲರೂ ಶ್ರದ್ಧೆಯಿಂದ ಓದಿದ್ದರು ಎಂಬುದಕ್ಕೆ ಬೇರೆ ಪುರಾವೆ ಬೇಡ.

“ಮಕ್ಕಳೇ, ವಿಜ್ಞಾನವನ್ನು ಬದುಕಿನಲ್ಲಿ ಅಳವಡಿಸಿಕೊಳ್ಳಿ,” ಎಂದು ಕರೆ ನೀಡಿದ ಸಂಚಾಲಕರು, ತಮ್ಮ ಬಾಟಲಿ ತೆರೆದು ಗಂಟಲು ತಂಪು ಮಾಡಿಕೊಂಡರು.

ಚಪ್ಪಾಳೆ ತಟ್ಟಿ ಬಾಯಾರಿದ ಮಕ್ಕಳು ಫಿಲ್ಟರಿನ ಮುಂದೆ ಶಿಸ್ತಿನಿಂದ ಸಾಲು ನಿಂತರು. ಸ್ಮೃತಿ ಓಡಿಹೋಗಿ ತಮ್ಮನ ಕೈ ಹಿಡಿದೆಳೆದಳು.

“ಬಿಡಕ್ಕ, ಇನ್ನು ಹೆದರಿಕೆ ಇಲ್ಲ,” ಎಂದ ಅವನು, ಲೋಟ ತುಂಬಿಸುತ್ತಾ. “ನಿನ್ನ ಸಂಶೋಧನೆ ಪ್ರಿಂಟ್ ಆಯ್ತಲ್ಲ!”