ರತ್ನವ್ವನ ಎರಡು ಬೊಟ್ಟು

ಸರ್ವೋತ್ತಮನ ಹನ್ನೆರಡು ದಿನಗಳ ದುಡಿಮೆಯನ್ನು ಅಳಿಸಿದ್ದು ಒಂದು ಸ್ಪಿರಿಟ್ ಬಟ್ಟೆ. ಇಂದಿಗೂ ಎಲ್ಲಾದರೂ ಸ್ಪಿರಿಟ್ಟಿನ ವಾಸನೆ ಬಂದರೆ ಅವನಿಗೆ ನೆನಪಾಗುವುದು 2003ರ ಆಯುಧಪೂಜೆ.

ಅಂದು ಬೆಳಿಗ್ಗೆ ಪರ್ಕಳದ ಬಾಡಿಗೆ ಕೋಣೆಯಿಂದ ಬಸ್ಸಿನಲ್ಲಿ ನೇತಾಡಿಕೊಂಡು ಮಣಿಪಾಲದ ಪ್ರಯೋಗಾಲಯಕ್ಕೆ ಬಂದರೆ, ಸೂಕ್ಷ್ಮದರ್ಶಕ ಶಂಕರಪುರ ಮಲ್ಲಿಗೆ ಮುಡಿದು ಮದುಮಗಳ ಹಾಗೆ ಕೂತಿತ್ತು. ಕೋಶಗಳನ್ನು ಬೆಚ್ಚಗಿಡುವ ಪೆಟ್ಟಿಗೆಯೊಳಗಿನ ಆರು ಗಾಜಿನ ತಟ್ಟೆಗಳಲ್ಲಿ ಇಲಿಯ ಆಕರಕೋಶಗಳು, ಅಂದರೆ ಸ್ಟೆಮ್ ಸೆಲ್ಲುಗಳು. ಮೂರಕ್ಕೆ ಥೈರಾಯ್ಡ್ ಹಾರ್ಮೋನು ಹಾಕಿ, ಮುಚ್ಚಳಕ್ಕೆ ಮಾರ್ಕರಿನಲ್ಲಿ ನಕ್ಷತ್ರ ಬರೆದಿದ್ದ. ಅವು ಬೇಗ ನರಕೋಶಗಳಾಗುತ್ತವೆಯೇ? ಮೂರು ಗಂಟೆಗೆ ಪ್ರಯೋಗಾಲಯದ ಮುಖ್ಯಸ್ಥೆ ನಳಿನಾಕ್ಷಿ ಮೇಡಂ ನೋಡಲಿದ್ದರು. ಒಪ್ಪಿದರೆ ಪಿಎಚ್‌ಡಿಗೆ ಅರ್ಜಿ. ಇಲ್ಲವಾದರೆ ಈಗಿನ ತಾತ್ಕಾಲಿಕ ಕೆಲಸವೂ ಇಲ್ಲ.

ಮುಚ್ಚಳಗಳ ಮೇಲೆ ನಕ್ಷತ್ರವಿರಲಿಲ್ಲ. ಕುಂಕುಮವಿತ್ತು.

"ರತ್ನಕ್ಕಾ, ನಕ್ಷತ್ರ ಎಲ್ಲಿ?"

"ಹಬ್ಬದ ದಿನ ಮಸಿ ಇರಬಾರದ್ರಿ ಸರ್. ಸ್ಪಿರಿಟ್ ಹಚ್ಚಿ ತಿಕ್ಕಿ ಬೊಟ್ಟು ಇಟ್ಟೀನಿ," ಎಂದಳು ಕುಷ್ಟಗಿ ಕಡೆಯಿಂದ ಬಂದು ಅಲ್ಲಿ ಗುಡಿಸಿ ಒರೆಸುತ್ತಿದ್ದ ರತ್ನವ್ವ.

ಗಾಬರಿಯಲ್ಲಿ ಅವನು ಕುಂಕುಮವನ್ನೂ ಒರೆಸಿಬಿಟ್ಟ. ಪಕ್ಕದ ಮೇಜಿನ ಅಲೆಕ್ಸ್ ಸೂಕ್ಷ್ಮದರ್ಶಕದಲ್ಲಿ ಇಣುಕಿದ. ಮೂರು ತಟ್ಟೆಗಳ ಕೋಶಗಳಿಗೆ ನರಕೋಶಗಳ ಹಾಗೆ ಎಳೆಎಳೆಯಾಗಿ ಬಾಲ ಬಂದಿತ್ತು, ಮೂರರಲ್ಲಿ ಗೋಲಿಬಜೆಯ ಹಾಗೆ ಗುಂಡಗಿದ್ದವು.

"ಎಂತ ಮಾರಾಯ, ಇದಕ್ಕೆ ತಲೆಬಿಸಿಯಾ? ಬಾಲ ಇದ್ದದ್ದಕ್ಕೆ ನಕ್ಷತ್ರ ಹಾಕು. ಹಾರ್ಮೋನು ಹಾಕಿದ್ದರಲ್ಲೇ ಬರಬೇಕು, ಅಲ್ವಾ?"

ಸರ್ವೋತ್ತಮ ಹಾಕಿದ. ಮೂರು ಗಂಟೆಗೆ ಮೇಡಂ ನೋಡಿ, "ಭಾರೀ ಚಂದ ಉಂಟು," ಎಂದರು. ಅಷ್ಟರಲ್ಲಿ ಪ್ರಸಾದದ ಅವಲಕ್ಕಿ ಹಿಡಿದು ರತ್ನವ್ವ ಬಂದಳು.

"ಸರ್, ಬೊಟ್ಟು ಯಾಕ ಒರೆಸಿದ್ರಿ? ನೀವು ಬರೆದ ಚುಕ್ಕಿ ಇದ್ದವಕ್ಕ ಎರಡು, ಇಲ್ಲದವಕ್ಕ ಒಂದು ಇಟ್ಟಿದ್ದೆ!"

ಮೇಡಂ ಕನ್ನಡಕ ಇಳಿಸಿದರು. "ಹಾಗಾದರೆ ಈ ನಕ್ಷತ್ರ ಯಾರದ್ದು?"

ಸರ್ವೋತ್ತಮ ನಿಜ ಹೇಳಿದ. ಅಲೆಕ್ಸ್ ಕಿಟಕಿಯಾಚೆ ಕಾಗೆ ನೋಡತೊಡಗಿದ.

"ಉತ್ತರ ನೋಡಿ ಪ್ರಶ್ನೆ ಬರೆಯುವುದಾ? ದೀಪಾವಳಿಯ ಮುನ್ನಾದಿನದವರೆಗೆ ಅರ್ಜಿಗೆ ಸಮಯ ಉಂಟು. ಮತ್ತೆ ಮೊದಲಿನಿಂದ ಮಾಡಿ." ಮೇಡಂ ಒಂದೇ ತರಹದ ಎರಡು ಬಾಟಲಿ ತರಿಸಿ, ಒಂದಕ್ಕೆ ಹಾರ್ಮೋನು, ಇನ್ನೊಂದಕ್ಕೆ ಬರೀ ದ್ರಾವಣ ತುಂಬಿಸಿ, ಹಾರ್ಮೋನಿನದ್ದಕ್ಕೆ ನಕ್ಷತ್ರ ಬರೆದರು. "ರತ್ನವ್ವ, ಆಚೆ ಹೋಗಿ ಇದನ್ನು ಒರೆಸಿ, ಒಂದಕ್ಕೆ ಒಂದು ಬೊಟ್ಟು, ಇನ್ನೊಂದಕ್ಕೆ ಎರಡು ಇಡು. ಯಾವುದಕ್ಕೆ ಎಷ್ಟು ಅಂತ ಯಾರಿಗೂ ಹೇಳಬೇಡ. ನನಗೂ!"

ಈ ಸಲ ಸರ್ವೋತ್ತಮ ಗಡಿಯಾರದಂತೆ ದುಡಿದ. ಯಾವ ಬಾಟಲಿಯಿಂದ ಹಾಕಿದನೋ, ಅದರಲ್ಲಿದ್ದಷ್ಟೇ ಬೊಟ್ಟು ತಟ್ಟೆಗೂ ಇಟ್ಟ. ಅರ್ಜಿಯ ಕೊನೆಯ ದಿನ ನೋಡಿದರೆ ಎರಡು ಬೊಟ್ಟಿನ ಮೂರರಲ್ಲೂ ಸೊಗಸಾದ ಬಾಲ! ಹಾರ್ಮೋನಿನ ಬಾಟಲಿ ಯಾವುದೆಂದು ಕೇಳೋಣವೆಂದರೆ ರತ್ನವ್ವ ಹಬ್ಬಕ್ಕೆ ಊರಿಗೆ ಹೋಗಿದ್ದಳು.

ಕೈಗೊಂದು ಫೋನು ಬರುವ ಮೊದಲಿನ ಮಾತು. ಎಸ್‌ಟಿಡಿ ಬೂತಿನೊಳಗೆ ಸರ್ವೋತ್ತಮ, ಮೇಡಂ ಇಬ್ಬರೂ ಒತ್ತಿಕೊಂಡು ನಿಂತರು. ಅವಳ ಊರಿನ ಕಿರಾಣಿ ಅಂಗಡಿಯವನು ಅವಳನ್ನು ಕೂಗಿ ಕರೆಸುವಷ್ಟರಲ್ಲಿ ಮೀಟರಿನ ಕೆಂಪು ಅಂಕಿಗಳು ಎಷ್ಟೋ ಓಡಿದ್ದವು.

"ರತ್ನಕ್ಕಾ, ಎರಡು ಬೊಟ್ಟು ಯಾವುದಕ್ಕೆ?"

"ಹೇಳಂಗಿಲ್ರಿ ಸರ್. ಮೇಡಮ್ಮಾರು ಬ್ಯಾಡ ಅಂದಾರ."

ಮೇಡಂ ಫೋನು ಕಸಿದುಕೊಂಡರು. "ರತ್ನವ್ವ, ನಾನೇ ಮಾತಾಡುವುದು. ಹೇಳು."

"ನನ್ನ ಪರೀಕ್ಷಾ ಮಾಡ್ತೀರೇನ್ರಿ? ನಿಮಗೂ ಹೇಳಬ್ಯಾಡಂತ ನೀವ ಅಂದೀರಿ. ನಾ ಮಾತು ತಪ್ಪಂಗಿಲ್ಲ. ಹಬ್ಬ ಚಲೋ ಮಾಡ್ರಿ!"

ಠಕ್ಕನೆ ಫೋನು ಇಟ್ಟ ಸದ್ದು. ಸರ್ವೋತ್ತಮನ ಜೇಬಿನಲ್ಲಿ ಅರ್ಜಿ ಮಡಚಿದ ಹಾಗೇ ಇತ್ತು.