ಬೀಗರ ಫ್ಲಾಪಿಯೊಳಗಿನ ಹುಳ

ಬನಹಟ್ಟಿಯಲ್ಲಿ ಕರೆಂಟು ಹೋದರೆ ಮಗ್ಗ ನಿಲ್ಲುತ್ತವೆ, ತಮಾಷೆ ಮಾತ್ರ ನಿಂತದ್ದನ್ನು ನಾನು ಕಂಡಿಲ್ಲ. ಅವೆಲ್ಲ ನಾನಿದ್ದಲ್ಲಿಯೇ ಯಾಕೆ ನಡೆಯುತ್ತವೆ ಎಂದು ನಮ್ಮ ಮನೆಯಾಕೆ ಆಗಾಗ ಅನುಮಾನದಿಂದ ಕೇಳುತ್ತಾಳೆ. ಇದ್ದದ್ದಕ್ಕಿಂತ ಸ್ವಲ್ಪ ಹೆಚ್ಚು ಹೇಳುತ್ತೇನೆಂಬ ಆರೋಪವೂ ನನ್ನ ಮೇಲಿದೆ. ಆ ಆರೋಪವೇ ಸ್ವಲ್ಪ ಹೆಚ್ಚಾಯಿತು. ಕೆಳಗಿನದೆಲ್ಲ ಖರೆ. ಅಲ್ಲಲ್ಲಿ ಸುಳ್ಳು ಕಂಡರೆ ಅದು ಬರೇ ಬಾರ್ಡರು, ಸೀರೆ ಖರೇದೇ.

೧. ಸೀರೆ ಉಟ್ಟ ಯಂತ್ರ

ಕಂಪ್ಯೂಟರಿನ ಬಾಯಿಗೆ ಫ್ಲಾಪಿ ಎಂಬ ಕರಿ ಚೌಕ ತಟ್ಟೆ ತುರುಕುತ್ತಿದ್ದ ಕಾಲ. ನಾನು ಜಮಖಂಡಿಯಲ್ಲಿ ಟೈಪಿಂಗ್ ಕಲಿಸಿಕೊಂಡು ಸುಖವಾಗಿದ್ದೆ. ಬನಹಟ್ಟಿಯ ಸೀರೆ ಸಾವ್ಕಾರರೊಬ್ಬರು ಬಾರ್ಡರಿನ ಚಿತ್ರ ಬಿಡಿಸಲು ಕಂಪ್ಯೂಟರ್ ತಂದು ನನ್ನನ್ನು ಕರೆಸಿದರು.

"ಮಾಸ್ತರ, ಇದು ನಿಮಗ ಬರತೈತೇನ್ರಿ?"

"ಟೈಪಿಂಗ್ ಬಂದ್ರ ಇದೂ ಬಂದಂಗರಿ" ಎಂದೆ. ಅದನ್ನು ಚಾಲೂ ಮಾಡುವ ಗುಂಡಿ ಎಲ್ಲಿದೆ ಎಂಬುದು ಆಮೇಲೆ ಗೊತ್ತಾಯಿತು.

ಕೆಲಸ ಇಷ್ಟೇ. ನಾನು ಪರದೆಯ ಮೇಲೆ ಚಿತ್ರ ಬಿಡಿಸಿ ಕಾಗದದ ಮೇಲೆ ಅಚ್ಚು ಹಾಕಬೇಕು, ಅದನ್ನು ನೋಡಿ ಕಾರ್ಡು ಹೊಡೆಯುವವನು ರಟ್ಟಿಗೆ ತೂತು ಹಾಕಬೇಕು, ಆ ತೂತು ಹೇಳಿದ ಹಾಗೆ ಮಗ್ಗ ನೇಯಬೇಕು. ಲಗ್ನದ ಸೀಜನ್ ಹತ್ತಿರವಿತ್ತು. ಜಮಖಂಡಿಯ ದೊಡ್ಡ ಅಂಗಡಿಯವರು, ಯಾರ ಬಾರ್ಡರು ಎಲ್ಲೂ ಇಲ್ಲದಂಥದ್ದೋ ಅವರಿಗೇ ಸೀಜನ್ನಿನ ಆರ್ಡರು ಎಂದಿದ್ದರು. ಸಾವ್ಕಾರರ ಜೀವವೆಲ್ಲ ಆ ಆರ್ಡರಿನ ಮೇಲಿತ್ತು. ಯಾಕೆಂದರೆ ಅದೇ ಆರ್ಡರಿಗೆ ರಬಕವಿಯ ಅವರ ಬೀಗರೂ ಗಾಳ ಹಾಕಿದ್ದರು. ಮಗಳನ್ನು ಕೊಟ್ಟ ಮನೆ! ಎದುರಿಗೆ ಬೈಯುವಂತಿಲ್ಲ, ಹಿಂದೆ ಬೈದರೆ ಸಾಕಾಗುವುದಿಲ್ಲ.

ಮಗ್ಗದ ಧೂಳು ಕೂಡಬಾರದೆಂದು ಸಾವ್ಕಾರರು ಅಂಗಡಿಯ ಅತ್ಯಂತ ಭಾರೀ ಸೀರೆ ಕತ್ತರಿಸಿ ಕಂಪ್ಯೂಟರಿಗೆ ಗವುಸು ಹೊಲಿಸಿದರು. ಚಹಾ ತಂದ ಸಾವ್ಕಾರ್ತಿ ಅದನ್ನು ಮೇಲಿಂದ ಕೆಳಗೆ ನೋಡಿದರು. "ನನಗ ಉಳದ ಥಾನಿನ ತುಂಡು, ಇದಕ್ಕ ಜರದ ಸೀರಿ. ಏಳನೇ ತಿಂಗಳಿಗಿ ಕುಬಸಾನೂ ಮಾಡಸ್ತಾರ ನೋಡ್ರಿ ಮಾಸ್ತರ!"

೨. ಕರದಂಟಿನ ಡಬ್ಬಿ

ಒಂದು ದಿನ ಸಾವ್ಕಾರರು ಬೀಗರ ಮನೆಯಲ್ಲಿ ಉಂಡು ಬರುವಾಗ ಕರದಂಟಿನ ಡಬ್ಬಿ ತಂದರು. ಕರದಂಟು ಮೇಲೆ, ತಳದಲ್ಲಿ ಫ್ಲಾಪಿ.

"ಬೀಗರು ಕೊಟ್ರು" ಎಂದರು. ಕೊಟ್ಟದ್ದು ಬೀಗರಿಗೆ ಗೊತ್ತಿರಲಿಲ್ಲ, ಅಷ್ಟೆ.

ಅದರಲ್ಲಿದ್ದ ಕಮಲದ ಬಳ್ಳಿಯನ್ನು ನಾನು ಬಿಡಿಸಿದ್ದ ನವಿಲಿನ ಕಾಲ ಕೆಳಗೆ ಹಾಸಿದೆ. ಫ್ಲಾಪಿಯನ್ನು ಮಷೀನಿನಲ್ಲೇ ಮರೆತು ಮನೆಗೆ ಹೋದೆ. ಮರುದಿನ ಚಾಲೂ ಮಾಡಿದರೆ ಪರದೆಯ ಮೇಲೆ ಒಂದು ಬಿಳಿ ಚುಕ್ಕಿ, ಈ ಗೋಡೆಗೆ ಬಡಿದು ಆ ಗೋಡೆಗೆ ಹಾರುತ್ತ ಓಡಾಡುತ್ತಿದೆ!

"ಏನ್ರಿ ಇದು?" ಎಂದರು ಸಾವ್ಕಾರರು.

ಗೊತ್ತಿಲ್ಲವೆಂದರೆ ಪಗಾರಕ್ಕೆ ಕುತ್ತು. "ಮಷೀನಿಗಿ ಮೈ ಹತ್ತೇತ್ರಿ, ಆಡಾಕತ್ತೈತಿ" ಎಂದೆ. ಅವರು ಬಂದವರಿಗೆಲ್ಲ ಅದನ್ನು ಮೊಮ್ಮಗನ ಅಂಬೆಗಾಲಿನಂತೆ ತೋರಿಸತೊಡಗಿದರು.

ಕೆಲವೇ ದಿನಕ್ಕೆ ಬೀಗರೂ ಬಂದರು, ಅವರದೂ ಒಂದು ಕರದಂಟಿನ ಡಬ್ಬಿ. ಸಾವ್ಕಾರರು ಕೈ ತೊಳೆಯಲು ಎದ್ದಾಗ ಅವರು ಮೆಲ್ಲಗೆ ಕೇಳಿದರು. "ಮಾಸ್ತರ, ಒಂದು ಗಣಪತಿ ಚಿತ್ರ ಇದ್ರ ಈ ಫ್ಲಾಪ್ಯಾಗ ಹಾಕಿ ಕೊಡ್ರಿ." ದೇವರ ಕೆಲಸ, ಒಲ್ಲೆ ಎನ್ನಲಾದೀತೆ? ನವಿಲು ಗಣಪತಿಯ ತಮ್ಮನ ವಾಹನ ನೋಡಿ, ಅಣ್ಣ ಒಬ್ಬನೇ ಹೋಗಬಾರದೆಂದು ಅದೂ ಜೊತೆಗೆ ಹೊರಟಿತು. ಅದು ಹೋಗುವಾಗ ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ.

೩. ಪಟ್ಟಿ ಅಂಟಿಸಿದ ಉಪಚಾರ

ನೇಯ್ದ ಸೀರೆ ಬಿಚ್ಚಿದರೆ ಅನಾಹುತ. ಸಾಲು ಸಾಲು ನವಿಲು, ಎಲ್ಲದರ ಗಲ್ಲದ ಮೇಲೂ ಒಂದು ಚುಕ್ಕಿ!

ಸಾವ್ಕಾರರು ಕಾರ್ಡು ಹೊಡೆಯುವವನನ್ನು ಹಿಡಿದರು. ಅವನು, "ಕಾಗದದಾಗ ಇದ್ದದ್ದ ಹೊಡದೇನ್ರಿ. ನವಿಲಿಗಿ ಮಚ್ಚಿ ಇರಬಾರದಂತ ನನಗೇನ್ ಗೊತ್ತರಿ?" ಎಂದ.

ನೇಯ್ದದ್ದನ್ನು ಸುಡಲಾಗುವುದಿಲ್ಲ. ಆ ಮಾಲನ್ನು ಅಂಗಡಿಯವರಿಗೆ ಕಣ್ಣುಮುಚ್ಚಿ ಕಳಿಸಿದ ಸಾವ್ಕಾರರು ಬೆಳಗಾವಿಯಿಂದ ಇಂಜಿನಿಯರನ್ನು ಕರೆಸಿದರು.

ಅವನು ನೋಡಿದ ತಕ್ಷಣ ಹೇಳಿದ. "ಇದು ಹುಳರಿ. ಅಂದ್ರ ಯಾವನೋ ಕಿಡಿಗೇಡಿ ಬರದ ಪ್ರೋಗ್ರಾಮು. ಫ್ಲಾಪಿ ಒಳಗ ಬಿಟ್ಟು ಮಷೀನ್ ಚಾಲೂ ಮಾಡಿದ್ರ ಮಷೀನಿಗಿ ಏರತೈತಿ. ಆಮ್ಯಾಲ ಹಾಕಿದ ಫ್ಲಾಪಿಗೆಲ್ಲ ಇಳಿತೈತಿ. ಪರದಿ ಮ್ಯಾಲಿನ ಚುಕ್ಕಿನೂ ಚಿತ್ರದ ಜೋಡಿ ಕಾಗದದಾಗ ಅಚ್ಚಾಗೇತಿ." ತನ್ನ ಚೀಲದಿಂದ ಒಂದು ಶುದ್ಧ ಫ್ಲಾಪಿ ತೆಗೆದ. ಅದರ ಅಂಚಿನ ಕಿಂಡಿಗೆ ಪಟ್ಟಿ ಅಂಟಿಸಿತ್ತು. "ಪಟ್ಟಿ ಇದ್ರ ಇದರಾಗ ಯಾರೂ ಏನೂ ಬರಿಯಾಕ ಆಗೂದಿಲ್ಲ, ಹುಳಾನೂ ಹೊಗೂದಿಲ್ಲ." ಅದರಿಂದಲೇ ಮಷೀನ್ ಎಬ್ಬಿಸಿ ಹುಳ ತೊಳೆದ. "ನಾಳೆ ಬಂದು ಫ್ಲಾಪಿ ಎಲ್ಲಾ ತೊಳಿತೀನಿ. ಒಂದ ಉಳದ್ರೂ ತಿರುಗಿ ಬರತೈತಿ ಮತ್ತ. ಹೊರಗಿನ ಫ್ಲಾಪಿ ಏನರ ಬಂದಿತ್ತೇನ್ರಿ?"

"ಛೇ ಛೇ" ಎಂದರು ಸಾವ್ಕಾರರು, ಗಾದಿಯ ಕೆಳಗಿನ ಕರದಂಟಿನ ಡಬ್ಬಿಯನ್ನು ಕಾಲಿನಿಂದ ಇನ್ನಷ್ಟು ಒಳಗೆ ತಳ್ಳುತ್ತ.

ಮರುದಿನ ಅವನು ಎಷ್ಟು ತೊಳೆದರೂ ಫ್ಲಾಪಿಯ ಹುಳ ಅಲುಗಲಿಲ್ಲ. ತಿರುಗಿಸಿ ನೋಡಿದರೆ ಪ್ರತಿಯೊಂದರ ಕಿಂಡಿಗೂ ಪಟ್ಟಿ.

"ಯಾರ್ರಿ ಇದನ್ನ ಹಚ್ಚಿದವ್ರು?"

"ನಾನ" ಎಂದೆ. "ಪಟ್ಟಿ ಹಚ್ಚಿದ್ರ ಹುಳ ಹೊಗೂದಿಲ್ಲಂತ ನೀವ ಅಂದ್ರಿ."

"ಒಳಗಿದ್ದ ಹುಳಕ್ಕೂ ಕಾವಲಾತಲ್ಲರಿ! ಕಳ್ಳನ್ನ ಒಳಗ ಮಲಗಿಸಿ, ಪೊಲೀಸರು ಬರಬಾರದಂತ ಕೀಲಿ ಹಾಕೀರಿ!"

೪. ದೃಷ್ಟಿ ಬೊಟ್ಟು

ಪಟ್ಟಿ ಕಿತ್ತು ತೊಳೆದದ್ದಾಯಿತು. ಆದರೂ ಚುಕ್ಕಿ ಮರಳಿ ಬಂತು. ಕರದಂಟಿನ ಡಬ್ಬಿಯ ಫ್ಲಾಪಿಯನ್ನು ಯಾರೂ ತೊಳೆಯಲು ಕೊಟ್ಟಿರಲಿಲ್ಲ ನೋಡಿ, ಮತ್ತು ಸಾವ್ಕಾರರು ಆ ಕಮಲ ಮತ್ತೊಮ್ಮೆ ನೋಡುವ ಆಸೆಯಿಂದ ಅದನ್ನು ಮಷೀನಿಗೆ ಹಾಕಿಟ್ಟಿದ್ದರು. ಕೊನೆಗೆ ಇಂಜಿನಿಯರ್ ಸಿಟ್ಟಿನಿಂದ, "ಮೂಲ ಎಲ್ಲೈತಿ ಹೇಳ್ರಿ, ಇಲ್ಲಾ ನಾ ಬೆಳಗಾವಿ ಬಸ್ ಹತ್ತತೀನಿ" ಎಂದ. ಹೊಸ ಮಾಲು ನೇಯಲೇಬೇಕಿತ್ತು, ಸಾವ್ಕಾರರು ಡಬ್ಬಿಯ ಮಾತೆತ್ತದೆ ರಬಕವಿಯ ಕಡೆ ಬೆರಳು ತೋರಿಸಿದರು. ಮೂವರೂ ಆಟೋ ಹತ್ತಿ ರಬಕವಿಗೆ ಹೋದೆವು.

ಬೀಗರು ಎದೆ ಮುಟ್ಟಿಕೊಂಡರು. "ಮಲ್ಲಯ್ಯನ ಆಣಿ ಬೀಗರ, ನಮ್ಮ ಮನ್ಯಾಗ ಹುಳ ಇಲ್ಲ. ನಿಮ್ಮ ಕಡಿದು ಒಂದ ಗೆರಿನೂ ನಮ್ಮಲ್ಲಿ ಇಲ್ಲ."

ಆಣೆಯ ಸದ್ದು ಇನ್ನೂ ಅಡಗಿರಲಿಲ್ಲ, ಸಾವ್ಕಾರರ ಮಗಳು ನೀರಿನ ತಂಬಿಗೆ ಹಿಡಿದು ಬಂದಳು. ಹೊಸ ಸೀರೆ, ಅಂಚಿನ ತುಂಬ ನವಿಲು, ನವಿಲಿನ ಗಲ್ಲಕ್ಕೆ ಚುಕ್ಕಿ.

"ಅಪ್ಪಾ, ಹೆಂಗೈತಿ? ನಮ್ಮ ಮಾವಾರು ಸ್ವತಃ ತಯಾರ ಮಾಡಿದ ಡಿಸೈನು!"

ಸಾವ್ಕಾರರು ಬಾಯಿ ತೆರೆದರು. ಎದುರಿಗೆ ಬೀಗರು. ಮುಚ್ಚಿದರು.

"ಚುಕ್ಕಿ ಭಾಳ ಛಲೋ ಬಂದೈತಿ" ಎಂದರು ಕೊನೆಗೆ, ಹಲ್ಲು ಕಚ್ಚಿ.

ಬೀಗರೇನು ಕಡಿಮೆಯೇ? "ಅದು ದೃಷ್ಟಿ ಬೊಟ್ಟರಿ. ಪರರ ಕಣ್ಣು ಬೀಳಬಾರದಂತ ನಾನ ಇಟ್ಟೇನಿ."

"ಇಟ್ಟರೂ ಬಿದ್ದೈತಲ್ಲರಿ!"

ಮಗಳು ಇಬ್ಬರ ಮುಖವನ್ನೂ ನೋಡಿದಳು. ಒಳಗೆ ಹೋಗಿ ಮಾವನ ಡಬ್ಬಿಯಿಂದ ಫ್ಲಾಪಿ ತಂದು ಇಂಜಿನಿಯರನ ಕೈಗಿಟ್ಟಳು. "ಅಪ್ಪಾ, ನಿಮ್ಮ ಗಾದಿ ಬುಡಕ ಇರೂದನ್ನೂ ಕೊಟ್ಟಬಿಡ್ರಿ. ಹೋದ ಸಲ ನೀವು ಊಟಕ್ಕ ಬಂದು ಹೋದ ಮ್ಯಾಲ ಮಾವಾರು ಮೂರು ದಿನ ಹುಡಿಕ್ಯಾರ."

ಎರಡೂ ಮನೆಯ ಮಷೀನು, ಫ್ಲಾಪಿ, ಎಲ್ಲ ಒಂದೇ ದಿನ ಶುದ್ಧವಾದವು, ಚುಕ್ಕಿ ಹೊಡೆದ ಹಳೆ ರಟ್ಟುಗಳು ಒಲೆ ಸೇರಿದವು. ಮನಸ್ಸು ತೊಳೆಯುವ ಫ್ಲಾಪಿ ಇಂಜಿನಿಯರನ ಚೀಲದಲ್ಲಿ ಇರಲಿಲ್ಲ.

೫. ಕಳೆದುಹೋದ ಹುಳ

ಸಾವ್ಕಾರರು ಚುಕ್ಕಿಯಿಲ್ಲದ ಹೊಸ ಮಾಲನ್ನು ಹೆಮ್ಮೆಯಿಂದ ಜಮಖಂಡಿಗೆ ಕಳಿಸಿದರು. ಅಂಗಡಿಯವರು ಅದನ್ನು ಹೊತ್ತುಕೊಂಡು ತಾವೇ ಬನಹಟ್ಟಿಗೆ ಬಂದರು.

"ಬೊಟ್ಟ ಎಲ್ಲಿ ಹೋತರಿ? ಮದಲಿನ ಮಾಲಿಗೆ ಹೆಣ್ಣಿನ ಕಡಿಯವರು ಮುಗಿಬಿದ್ದಾರ. ಮದಲಗಿತ್ತಿಗಿ ದೃಷ್ಟಿ ತಾಗೂದಿಲ್ಲಂತ. ಬೊಟ್ಟಿಲ್ಲದ್ದು ಡುಪ್ಲಿಕೇಟ್ ಅಂತಾರ. ಬೊಟ್ಟ ಯಾರದೋ ಆರ್ಡರು ಅವರದ!"

ನಾನು ಸಾವ್ಕಾರರ ಕಿವಿಯಲ್ಲಿ, "ಒಂದ ಚುಕ್ಕಿ ತಾನೆ, ನಾ ಕೈಲೆ ಇಡತೀನ್ರಿ" ಎಂದೆ.

"ಥೂ! ನಕಲಿ ಮಾಲು ನಮ್ಮ ಮನೆತನದಾಗ ಇಲ್ಲ!"

ಸುದ್ದಿ ರಬಕವಿಗೆ ನಮಗಿಂತ ಮೊದಲು ತಲುಪಿತ್ತು. ಬೀಗರು ಸೊಸೆಯನ್ನು ಸಾಕ್ಷಿಗೆ ಕರೆದುಕೊಂಡೇ ಬಂದಿಳಿದರು. "ಮಲ್ಲಯ್ಯನ ಆಣಿ, ಹುಳ ನಮ್ಮದು! ನಮ್ಮ ಫ್ಲಾಪಿಯಿಂದನ ಇವರ ಮನಿಗಿ ಬಂದದ್ದು!"

"ನಿಮ್ಮಲ್ಲಿ ಹುಳ ಇಲ್ಲಂತ ಅದ ಮಲ್ಲಯ್ಯನ ಆಣಿ ಮಾಡಿದ್ರಿ! ಬೊಟ್ಟ ಇಟ್ಟದ್ದು ನಮ್ಮ ಮಷೀನಿನ ಮ್ಯಾಲ, ಹುಳ ನಮ್ಮದು!"

ಅಂಗಡಿಯವರು ಕೈಮುಗಿದರು. "ಇಬ್ಬರೂ ಅರ್ಧ ಅರ್ಧ ನೇಯಿರಿ. ಆದ್ರ ಖರೇ ಬೊಟ್ಟ ಇರಬೇಕು."

ಸಾವ್ಕಾರರು ಬೆಳಗಾವಿಗೆ ಫೋನು ಹಚ್ಚಿ, ಹುಳವನ್ನು ವಾಪಸ್ ಬಿಡಲು ಏನು ತೆಗೆದುಕೊಳ್ಳುತ್ತೀರಿ ಎಂದು ಕೇಳಿದರು. ಆ ಕಡೆಯಿಂದ, "ನಾ ಹುಳ ತಗಿಯಾಂವರಿ, ಸಾಕಾಂವ ಅಲ್ಲ" ಎಂದು ಕೇಳಿಸಿ ಫೋನು ಕಟ್ಟಾಯಿತು.

ಸಾವ್ಕಾರರು ಮತ್ತು ಬೀಗರು, ಒಂದೇ ಮನೆಯಲ್ಲಿ ಸಾವಾದವರಂತೆ, ಮೊದಲ ಬಾರಿಗೆ ಅಕ್ಕಪಕ್ಕ ಕುಳಿತರು.

ಮಗಳು ಗಾದಿಯ ಕೆಳಗಿನಿಂದ ಖಾಲಿ ಡಬ್ಬಿ ಎಳೆದು ಅವರಿಬ್ಬರ ನಡುವೆ ಇಟ್ಟಳು. "ಯಾಕ ಚಿಂತಿ ಮಾಡ್ತೀರಿ? ಮದಲಿನಂಗ ಕರದಂಟು ತಗೊಂಡು ಒಬ್ಬರ ಮನಿಗಿ ಒಬ್ಬರು ಓಡಾಡ್ರಿ. ಹುಳ ತಾನ ಬರತೈತಿ."